ಎರಡನೆಯ ಸಾಕ್ಷಿ

"ಇನ್ನೊಂದು ಸಹಿ ಬೇಕು. ಬಾಮ್ಮ, ನೀನೇ ಹಾಕಿಬಿಡು," ಎಂದು ಮಾವ ಪೆನ್ನು ಚಾಚಿದರು.

ಹಿರಿಸೊಸೆ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿದಳು.

ಮೇಜಿನ ಮೇಲೆ ಉಯಿಲು ಇತ್ತು. ಬರೆದದ್ದು ಕಾಣದಂತೆ ದಿನಪತ್ರಿಕೆ ಹೊದಿಸಿ, ಸಹಿಯ ಜಾಗವನ್ನಷ್ಟೇ ಮಾವ ಹೊರಗೆ ಬಿಟ್ಟಿದ್ದರು. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟ ಮನುಷ್ಯ; ಯಾರಿಗೆ ಎಷ್ಟು ಕಾಣಬೇಕೆಂಬುದು ಅವರಿಗೆ ಗೊತ್ತು. "ಬರೆಯೋಕೆ ನನಗೇನು ಕೈಯಿಲ್ವಾ?" ಎಂದು ವಕೀಲರನ್ನು ದೂರವಿಟ್ಟು ತಾವೇ ಬರೆದಿದ್ದರು. ಎದುರುಮನೆಯ ಮೇಷ್ಟ್ರು ಮೊದಲ ಸಾಕ್ಷಿಯಾಗಿ ಸಹಿ ಹಾಕಿ, ಒಲೆಯ ಮೇಲೆ ಹಾಲಿದೆಯೆಂದು ಓಡಿದ್ದರು.

ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ. ಆಸ್ತಿ ಇಷ್ಟೇ. ಅಂಗಡಿಯನ್ನು ಕಿರಿಮಗ ಮತ್ತು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದರು. ಹಿರಿಮಗ ತೀರಿಕೊಂಡ ಮೇಲೆ ಹಿರಿಸೊಸೆಗೆ ಉಳಿದದ್ದು ಹಿಂದಿನ ಕೋಣೆ. ಮೊನ್ನೆ ಮೈದುನ ಅದರ ಅಳತೆ ತೆಗೆದಿದ್ದ. ಲೆನ್ಸ್ ಉಜ್ಜುವ ಯಂತ್ರಕ್ಕೆ ಹೇಳಿಮಾಡಿಸಿದ ಜಾಗವಂತೆ. ಅವಳ ಹಾಸಿಗೆಯನ್ನು ಸರಿಸಿ ಅಳೆದವನು, ವಾಪಸ್ಸು ಸರಿಸುವುದನ್ನು ಮರೆತಿದ್ದ.

ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಈಚೆಗೆ ಒಂದು ಕಾನೂನಿನ ಕೈಪಿಡಿ ತಿದ್ದುವಾಗ ನಿಯಮವೊಂದು ಕಣ್ಣಿಗೆ ಬಿದ್ದಿತ್ತು. ಉಯಿಲಿಗೆ ಸಾಕ್ಷಿ ಹಾಕಿದವರಿಗಾಗಲಿ, ಅವರ ಗಂಡನಿಗೋ ಹೆಂಡತಿಗೋ ಆಗಲಿ ಆ ಉಯಿಲಿನಿಂದ ಏನೂ ದಕ್ಕದು. ಅವರಿಗೆ ಬರೆದದ್ದು ಬಿದ್ದುಹೋಗಿ, ಉಯಿಲೇ ಇರಲಿಲ್ಲವೆಂಬಂತೆ ವಾರಸುದಾರರಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಆ ಸಾಲಿನಲ್ಲಿ ತಿದ್ದಲು ಒಂದು ಒತ್ತಕ್ಷರದ ತಪ್ಪೂ ಇರಲಿಲ್ಲ. ಆದರೂ ಅವಳು ಮತ್ತೆ ಮತ್ತೆ ಓದಿದ್ದಳು.

"ಕೈಯೆಲ್ಲ ಎಣ್ಣೆ ಮಾವ. ಕೆಳಗೆ ಅಂಗಡೀಲಿ ಅವಳಿದ್ದಾಳಲ್ಲ, ಕರೀತೀನಿ ಇರಿ," ಎಂದಳು. ಕೈಯಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ.

ಮೆಟ್ಟಿಲ ಬಳಿ ನಿಂತು ಕೂಗಿದಳು. ತನ್ನ ದನಿಯೇ ತನಗೆ ಅಸಹ್ಯವೆನಿಸಿತು.

ಕಿರಿಸೊಸೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. "ಸಾಕ್ಷಿನಾ? ನಾನಾ? ಅಂತೂ ಈ ಮನೇಲಿ ನನ್ನ ಸಹಿಗೂ ಬೆಲೆ ಬಂತು!"

"ಬಾಯಿ ನಿಲ್ಲಿಸು, ಕೈ ಓಡಿಸು," ಎಂದರು ಮಾವ.

"ಇಂಥವರ ಹೆಂಡತಿ ಅಂತಾನೂ ಬರೀಲಾ, ಮಾವ?"

"ಯಾಕೆ, ನಿನ್ನ ಗಂಡ ಯಾರಂತ ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತು. ಕಾಗದಕ್ಕೂ ಗೊತ್ತಿರಲಿ ಬಿಡಿ."

ಪರೀಕ್ಷೆಗೆ ಕೂತ ಹುಡುಗಿಯಂತೆ, ಗುಂಡುಗುಂಡಾಗಿ, ನಿಧಾನಕ್ಕೆ ಬರೆದಳು. ಹಿರಿಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು. ಹಳ್ಳ ತೋಡಿದವಳು ತಾನು. ಈ ಹುಡುಗಿ ನಗುನಗುತ್ತಾ ನಡೆದು ಬಂದು ಬೀಳುತ್ತಿದ್ದಾಳೆ. ಮಾವ ಇಬ್ಬರಿಗೂ ಸಮನಾಗಿ ಬರೆದಿದ್ದರೆ? ಹಾಗಾದರೆ ತಾನೀಗ ಇವಳ ತಟ್ಟೆಗೇ ಕೈ ಹಾಕಿದಂತೆ. "ತಡಿ" ಎನ್ನಲು ಬಾಯಿ ತೆರೆದಳು. ಸರಿಸಿಟ್ಟ ಹಾಸಿಗೆ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ಮಾವ ಉಯಿಲನ್ನು ಬೀರುವಿನೊಳಗಿಟ್ಟು, ಬೀಗದ ಕೈ ಜೇಬಿಗಿಳಿಸಿ, ಮಲಗಲು ಹೋದರು.

ಅಡುಗೆಮನೆಯಲ್ಲಿ ಕಿರಿಸೊಸೆ ಟೀ ಸೋಸಿ ಮೊದಲ ಲೋಟವನ್ನು ಅವಳ ಮುಂದಿಟ್ಟಳು.

"ಯಾಕಕ್ಕಾ, ಮುಖ ಹೀಗಾಗಿದೆ? ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಆ ಕೈ ತಾಕಿದ್ದೇ ತಡ, ಹಿರಿಸೊಸೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇನ್ನೂ ಕಾಲ ಮಿಂಚಿಲ್ಲ. ಈಗಲೇ ಹೇಳಿದರೆ ಮಾವ ಬೇರೆ ಕಾಗದ ಬರೆಯುತ್ತಾರೆ. ಕೋಣೆ ಹೋದರೆ ಹೋಗಲಿ. ಈ ಮುಖ ಹೊತ್ತುಕೊಂಡು ಆ ಕೋಣೆಯಲ್ಲಿ ಮಲಗುವುದಾದರೂ ಹೇಗೆ?

"ನಿನಗೊಂದು ಮಾತು ಹೇಳ್ಬೇಕು ಕಣೇ. ನಾನು..."

"ಮೊದಲು ನನ್ನದು ಕೇಳಿ." ಕಿರಿಸೊಸೆ ಬಾಗಿಲನ್ನು ಮುಂದಕ್ಕೆ ಮಾಡಿ ದನಿ ತಗ್ಗಿಸಿದಳು. "ಮಾವ ಎಲ್ಲಾನೂ ಇವರ ಹೆಸರಿಗೆ, ನನ್ನ ಹೆಸರಿಗೇ ಬರೆದಿದ್ದಾರೆ. ನಿಮಗೆ ಏನೂ ಇಲ್ಲ. ಇವರು ಹೂಂ ಅಂದು ಸುಮ್ಮನಾದ್ರು. ಜಗಳ ಆಡಿ ನೋಡಿದೆ, ಅಪ್ಪ ಮಗ ಇಬ್ಬರೂ ಕಲ್ಲುಬಂಡೆ. ಕೊನೆಗೆ ಅಂಗಡಿಗೆ ಕನ್ನಡಕಕ್ಕೆ ಬಂದ ವಕೀಲರೊಬ್ಬರನ್ನ ಕೇಳಿದೆ. ನಾನು ಸಾಕ್ಷಿ ಹಾಕಿಬಿಟ್ರೆ ನಮಗೆ ಬರೆದಿದ್ದೆಲ್ಲ ಬಿದ್ದುಹೋಗುತ್ತಂತೆ, ನಿಮಗೂ ಅರ್ಧ ಬರುತ್ತಂತೆ. ಸಹಿಗೆ ಹೇಗಪ್ಪಾ ನುಗ್ಗೋದು ಅಂತ ಕೆಳಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೆ. ಪುಣ್ಯಕ್ಕೆ ನೀವೇ ಕೂಗಿದ್ರಿ."

ಅವಳು ಲೋಟವನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದಳು.

"ಮೊದಲೇ ಹೇಳ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕಾ. ಇಂಥ ಕಳ್ಳಾಟಕ್ಕೆಲ್ಲ ನೀವು ಒಪ್ಪೋರಲ್ಲ."