ಗುಡುಗಮ್ಮನ ದೂರು

ಮಾಹಿತಿ ಹಕ್ಕು ಅರ್ಜಿಯ ‘ಕೋರಿರುವ ದಾಖಲೆಯ ವಿವರ’ ಎಂಬಲ್ಲಿ ಗಡಿಯಾರ ರಿಪೇರಿಯ ಮುದುಕ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದಿದ್ದ: ‘ನನ್ನ ಹೆಂಡತಿಯು ತಮ್ಮ ಕಚೇರಿಗೆ ಫೋನ್ ಮಾಡಿ ರೇಗಿದ ಎಲ್ಲ ರೆಕಾರ್ಡಿಂಗುಗಳ ಪ್ರತಿ.’ ನಗರಸಭೆಯ ಮಾಹಿತಿ ಅಧಿಕಾರಿ ಅದನ್ನು ಮತ್ತೆ ಮತ್ತೆ ಓದಿ, ಕನ್ನಡಕವನ್ನು ಹಣೆಗೇರಿಸಿದ.

“ಯಜಮಾನ್ರೇ, ರೇಗಿದ್ದು ಅಂತೆಲ್ಲ ಬರೆಯೋ ಹಾಗಿಲ್ಲ. ದೂರು ಕೊಟ್ಟಿದ್ದು ಅಂತ ಬರೀಬೇಕು.”

“ದೂರು ಕೊಡೋರು ಬೇರೆ, ಸ್ವಾಮಿ. ಇವಳು ರೇಗ್ತಾನೇ ಇದ್ದಿದ್ದು. ನಮ್ಮ ಬಾಗಿಲೆದುರಿನ ಮ್ಯಾನ್‌ಹೋಲ್ ಮುಚ್ಚಳ ಸಡಿಲ ಆಗಿತ್ತು. ಗಾಡಿ ಹೋದಾಗಲೆಲ್ಲ ಟಣ್ ಅಂತಿತ್ತು. ದಿನಾ ಬೆಳಿಗ್ಗೆ ನಿಮಗೊಂದು ಫೋನು.”

“ಆಗಲಿ. ಆದರೆ ಧ್ವನಿ ಅಂದ್ರೆ ಅವರ ಖಾಸಗಿ ಮಾಹಿತಿ. ಗಂಡನೇ ಆದ್ರೂ ಅವರ ಒಪ್ಪಿಗೆ ಇಲ್ಲದೆ ಕೊಡೋಕೆ ಬರಲ್ಲ. ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ.”

“ಅವಳು ಬರೋ ಹಾಗಿದ್ದಿದ್ರೆ ನಾನ್ಯಾಕೆ ನಿಮ್ಮ ಹತ್ರ ಬರ್ತಿದ್ದೆ?” ಮುದುಕ ನಗಲು ಪ್ರಯತ್ನಿಸಿದ, ನಗು ಅರ್ಧ ದಾರಿಯಲ್ಲೇ ನಿಂತಿತು. “ಹೋದ ವರ್ಷ ತೀರಿಕೊಂಡಳು. ಮುಖಕ್ಕೇನು, ಗೋಡೆ ಮೇಲೆ ಫೋಟೋ ಇದೆ. ಧ್ವನಿ ಮಾತ್ರ ಕೈಜಾರ್ತಾ ಇದೆ. ಮೊನ್ನೆ ಕೂತು ನೆನಪು ಮಾಡ್ಕೊಳ್ಳೋಕೆ ಹೋದ್ರೆ, ಅವಳ ಮಾತು ನನ್ನ ದನಿಯಲ್ಲೇ ಕೇಳಿಸ್ತು. ಈಗ ಸಂಜೆ ಹೋಗಿ ಬೀಗ ತೆಗೆದ್ರೆ ಮನೇಲಿ ನನ್ನ ಕೆಮ್ಮೇ ನನಗೆ ದೊಡ್ಡದಾಗಿ ಕೇಳಿಸುತ್ತೆ. ಮನೇಲಿ ಆಡಿದ ಮಾತನ್ನ ಯಾರು ಹಿಡಿದಿಡ್ತಾರೆ ಹೇಳಿ? ನಿಮ್ಮಲ್ಲಿ ಎಲ್ಲಾ ಕರೆನೂ ರೆಕಾರ್ಡ್ ಆಗುತ್ತಂತಲ್ಲ.”

ಅಧಿಕಾರಿ ಮತ್ತೆ ನಿಯಮದ ಮಾತೆತ್ತಲಿಲ್ಲ. ಕಂಪ್ಯೂಟರಿನತ್ತ ತಿರುಗಿ, ಬೀದಿಯನ್ನೂ ಮನೆಯ ಸಂಖ್ಯೆಯನ್ನೂ ಕೇಳಿ ಹುಡುಕತೊಡಗಿದ. ಹುಡುಕುತ್ತಲೇ, “ಏನಂತ ರೇಗ್ತಿದ್ರು?” ಎಂದು ವಿಚಾರಿಸಿದ.

“ಯಾರಿಗೆ ಗೊತ್ತು? ಅವಳು ಫೋನಿನ ಹತ್ರ ಹೋದ ಕೂಡಲೇ ನಾನು ಚಪ್ಪಲಿ ಮೆಟ್ಕೊಂಡು ಅಂಗಡಿಗೆ ಹೊರಟುಬಿಡ್ತಿದ್ದೆ. ಬೀದಿಗೆಲ್ಲ ಕೇಳಿಸುತ್ತಲ್ಲ ಅನ್ನೋ ನಾಚಿಕೆ.”

ಅಷ್ಟರಲ್ಲಿ ಪರದೆಯ ಮೇಲೆ ಆ ಮನೆಯ ದೂರು ಸಿಕ್ಕಿತು. ದೂರು ಬಗೆಹರಿದು, ಮನೆಯವರು ‘ತೃಪ್ತಿಯಾಗಿದೆ’ ಎಂದು ಸಹಿ ಹಾಕಿಕೊಟ್ಟರೆ, ಆ ದೂರಿಗೆ ಸಂಬಂಧಿಸಿದ ಕರೆಗಳನ್ನೆಲ್ಲ ಅಳಿಸಿಹಾಕುವುದು ಆ ಕಚೇರಿಯ ಪದ್ಧತಿ. ಆಕೆ ತೀರಿಕೊಂಡ ಮರುವಾರವೇ ಹೊಸ ಮುಚ್ಚಳ ಕೂತಿತ್ತು. ತೃಪ್ತಿಯ ಕೆಳಗಿದ್ದ ಸಹಿ ಮುದುಕನದೇ. ಅಧಿಕಾರಿ ಇದನ್ನು ಆದಷ್ಟು ಮೆಲುದನಿಯಲ್ಲಿ ತಿಳಿಸಿದ.

“ಯಾರೋ ಬಂದಿದ್ರು,” ಎಂದ ಮುದುಕ. “ಮನೆ ತುಂಬ ಜನ ಇದ್ರು ಆಗ. ಏನು ಎತ್ತ ನೋಡದೆ ಗೀಚಿಬಿಟ್ಟೆ.” ತನ್ನ ಅರ್ಜಿಯನ್ನು ತೆಗೆದುಕೊಂಡು ಮಡಿಸಿದ, ಮಡಿಸಿದ್ದನ್ನೇ ಮತ್ತಷ್ಟು ಚಿಕ್ಕದಾಗಿ ಮಡಿಸುತ್ತ ಹೋದ.

ಮರದ ಅಡ್ಡಗೋಡೆಗೆ ಒತ್ತಿಕೊಂಡಿದ್ದ ಮೇಜಿನಲ್ಲಿ, ದೂರಿನ ಫೋನ್ ತೆಗೆಯುವ ಹೆಂಗಸು ಇಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದಳು. “ಟಣ್ ಅನ್ನೋ ಮುಚ್ಚಳ... ಅಯ್ಯೋ, ನೀವು ಗುಡುಗಮ್ಮನ ಯಜಮಾನ್ರಾ?” ಎಂದವಳೇ ನಾಲಿಗೆ ಕಚ್ಚಿಕೊಂಡಳು.

“ಗುಡುಗಮ್ಮ?”

“ತಪ್ಪು ತಿಳ್ಕೋಬೇಡಿ ಅಣ್ಣ. ಊಟದ ಹೊತ್ತಲ್ಲಿ ತಮಾಷೆಗೆ ಅಂತ ಅವರ ಹಾಗೇ ಮಾತಾಡಿ ಇವರನ್ನೆಲ್ಲ ನಗಿಸ್ತಿರ್ತೀನಿ. ಅವರು ತೀರಿಕೊಂಡಿದಾರೆ ಅಂತ ಯಾರಿಗೆ ಗೊತ್ತಿತ್ತು?”

“ಅವಳ ಹಾಗೇ ಬರುತ್ತೇನಮ್ಮ ನಿನಗೆ?”

ಅವಳು ತಲೆ ತಗ್ಗಿಸಿದಳು. ಉತ್ತರ ಕೊಟ್ಟವನು ಅಧಿಕಾರಿ. “ಬರುತ್ತೆ. ಒಂದ್ಸಲ ಬಾಗಿಲಾಚೆಯಿಂದ ಕೇಳಿ, ಆಯಮ್ಮ ನೇರವಾಗಿ ಇಲ್ಲಿಗೇ ಬಂದ್ಬಿಟ್ರು ಅಂತ ನಾನು ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗಿದ್ದೆ.”

“ಹಾಗಾದ್ರೆ ಒಂಚೂರು ಮಾತಾಡಮ್ಮ.”

“ಅದು ಅಣಕ ಅಣ್ಣ. ಸತ್ತೋರನ್ನ ಅಣಕಿಸಿದ್ರೆ ಪಾಪ ಸುತ್ಕೊಳ್ಳುತ್ತೆ.”

“ನನಗೆ ಸುತ್ಕೊಳ್ಳಲಿ. ಮಾತಾಡು.”

ಹೆಂಗಸು ಮೇಜಿನ ಮೇಲಿದ್ದ ಫೋನನ್ನು ಎತ್ತಿ ಕಿವಿಗೊತ್ತಿಕೊಂಡಳು. ಅದಿಲ್ಲದೆ ಆ ದನಿ ಬರುವಂತಿರಲಿಲ್ಲ. ಇನ್ನೊಂದು ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು. “ಹಲೋ! ನಿದ್ದೆ ಆಯ್ತೇನ್ರಪ್ಪಾ ನಿಮ್ಮೆಲ್ಲರ್ದೂ? ಇಲ್ಲಿ ನಮ್ಮನೆಯವರಿಗೆ ಕಣ್ಣಿಗೆ ಕಣ್ಣು ಹತ್ತಿಲ್ಲ! ಬೆಳಗಾದ್ರೆ ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿಯೋ ಕೈ ಅದು, ನಿದ್ದೆಗೆಟ್ಟು ನಡುಗ್ತಾ ಇದೆ. ಕೇಳಿದ್ರೆ ‘ನನಗೇನೂ ತೊಂದ್ರೆ ಇಲ್ಲ ಬಿಡು’ ಅಂತಾರೆ. ಆ ಮನುಷ್ಯನಿಗೆ ಬಾಯಿ ಎಲ್ಲಿದೆ? ಅದಕ್ಕೇ ಕಣ್ರೀ ನಾನು ಬಾಯಿ ಮಾಡ್ತಿರೋದು! ನಾಳೆ ಆ ಕೈಗೇನಾದ್ರೂ ಆದ್ರೆ...”

ಅಡ್ಡಗೋಡೆಯ ಆಚೆ, ಏನೂ ಅರಿಯದ ಗುಮಾಸ್ತರು ಎಂದಿನಂತೆ ಗೊಳ್ಳೆಂದು ನಕ್ಕರು. ಹೆಂಗಸು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಅತ್ತ ತಿರುಗಿದಳು. ಅವರ ಬಾಯಿ ಮುಚ್ಚಿಸಲು ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ.

ಕಣ್ಣು ಮುಚ್ಚಿ ಕೂತಿದ್ದ ಮುದುಕ ಅವನ ತೋಳು ಹಿಡಿದು ಕೂರಿಸಿದ.

“ಸದ್ದು ಮಾಡಬೇಡಿ,” ಎಂದ. “ಅವಳ ಮಾತು ಇನ್ನೂ ಮುಗಿದಿಲ್ಲ.”