ಅರ್ಧ ಹೆಸರು

ಮಗುವಿನ ಕಿವಿಯಲ್ಲಿ ಹೇಳಬೇಕಾದ ಹೆಸರು ಶಿವಕ್ಕನ ನಾಲಗೆಗೆ ಹತ್ತಲಿಲ್ಲ. ಸೋದರತ್ತೆ ಊರಲ್ಲೇ ಉಳಿದದ್ದರಿಂದ, ಅಮೆರಿಕದ ಪಾರ್ಸಿಪನಿಯ ಆ ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿಲ ಮೇಲೆ ಬಗ್ಗುವ ಸರದಿ ಅಜ್ಜಿಯದೇ ಆಗಿತ್ತು.

"ಇನ್ನೊಮ್ಮೆ ಹೇಳಪಾ," ಎಂದಳು ಮಗನಿಗೆ.

"ಐರಾ, ಅವ್ವಾ. ಐ... ರಾ."

"ಐರಾ," ಎಂದು ಮೊಮ್ಮಗನ ಕಿವಿಯಲ್ಲಿ ಉಸುರಿ, ತನ್ನ ಕೆಲಸ ಮುಗಿಯಿತು ಎಂಬಂತೆ ಅವಳು ಅಡುಗೆಮನೆಗೆ ನಡೆದಳು.

ತೀರಿಹೋದ ಗಂಡನ ಹೆಸರನ್ನು ಇಡಿ ಎಂದು ಅವಳು ಕೇಳಿದ್ದು ಒಂದೇ ಸಲ. 'ನಿಮ್ಮಪ್ಪನ ಹೆಸರು' ಎಂದಿದ್ದಳೇ ಹೊರತು ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಜೀವಮಾನದಲ್ಲೇ ಹೇಳಿದವಳಲ್ಲ. ಮಗ ಶಿವಕಿರಣ್ ಮುಖ ತಿರುಗಿಸಿದ್ದ. "ಆ ಹೆಸರಿಗೆ ಇಲ್ಲಿಯವರ ನಾಲಗಿ ಹೊಳ್ಳೂದಿಲ್ಲ, ಅವ್ವಾ. ಸಾಲ್ಯಾಗ ಹುಡುಗರು ನಗತಾರ." ಬೆಂಗಳೂರಿನವಳಾದ ಸೊಸೆ ಅಕ್ಷತಾ ಅತ್ತೆಯ ಕಡೆ ನೋಡಿಯೂ ಇರಲಿಲ್ಲ.

ಕಡೆಗೆ ಗಂಡಹೆಂಡತಿ ಕೂತು ಇಂಟರ್‌ನೆಟ್ಟಿನಲ್ಲಿ ತಡಕಾಡಿ ಈ ಹೆಸರನ್ನು ಹಿಡಿದಿದ್ದರು. ಹೀಬ್ರೂ ಮೂಲದ್ದು, ದಾವೀದ ರಾಜನ ಯೋಧನೊಬ್ಬನ ಹೆಸರು, 'ಎಚ್ಚರವಾಗಿರುವವನು' ಎಂದು ಅರ್ಥ. ಅರ್ಥವನ್ನು ಮಗು ಹುಟ್ಟಿದ ವಾರದಿಂದಲೇ ನಿಜ ಮಾಡಿ ತೋರಿಸುತ್ತಿತ್ತು. ಒಂದು ಕಾಲಕ್ಕೆ ನ್ಯೂಯಾರ್ಕಿನಲ್ಲಿ ಬೀದಿಗೊಬ್ಬ ಐರಾ ಇದ್ದನಂತೆ, ಈಗ ಯಾರೂ ಇಡುತ್ತಿಲ್ಲವಂತೆ. "ಕ್ಲಾಸಲ್ಲಿ ಇವನೊಬ್ಬನೇ ಐರಾ ಇರ್ತಾನೆ ನೋಡಿ," ಎಂದು ಅಕ್ಷತಾ ಖುಷಿಪಟ್ಟಿದ್ದಳು. ಉಚ್ಚಾರಕ್ಕೆ ಸುಲಭ, ಯಾರ ನೆನಪೂ ಅಂಟಿಕೊಂಡಿಲ್ಲ, ಯಾರ ಹಂಗೂ ಇಲ್ಲ.

ಬಂದವರೆಲ್ಲ ಉಂಡು ಹೋದ ಮೇಲೆ ಕೆಳಗಿನ ಮನೆಯ ಮಿಸ್ಟರ್ ಸಿಲ್ವರ್‌ಮನ್ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಎಂಬತ್ತು ದಾಟಿದ ನಿವೃತ್ತ ದಂತವೈದ್ಯರು, ಒಂಟಿ. ಹಿಮ ಬಿದ್ದ ಬೆಳಿಗ್ಗೆ ಶಿವಕಿರಣ್ ತನ್ನ ಕಾರಿನ ಜೊತೆ ಅವರ ಕಾರಿನ ಹಿಮವನ್ನೂ ಕೆರೆದು ಕೊಡುತ್ತಿದ್ದ. ಮಗುವಿಗೆಂದು ತಂದಿದ್ದ ಉಣ್ಣೆಯ ಟೋಪಿಯನ್ನು ಅಕ್ಷತಾಳ ಕೈಗೆ ಕೊಟ್ಟು ಅವರು ಕೂತರು. ಶಿವಕ್ಕ ಅವರ ತಟ್ಟೆಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಬಿಟ್ಟಳು.

"ಹೆಸರೇನು ಇಟ್ಟಿರಿ?"

"ಐರಾ," ಎಂದ ಶಿವಕಿರಣ್.

ಮುದುಕರ ಕೈ ತಟ್ಟೆಯ ಮೇಲೇ ನಿಂತಿತು. "ಅದು ನನ್ನ ಹೆಸರು."

ಇಷ್ಟು ದಿನ ಅವರನ್ನು 'ಮಿಸ್ಟರ್ ಸಿಲ್ವರ್‌ಮನ್' ಎಂದೇ ಕರೆದಿದ್ದ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬ್ರಾಂಕ್ಸಿನಲ್ಲಿ ನಾನು ಓದುವಾಗ ಒಂದೇ ತರಗತಿಯಲ್ಲಿ ಎಷ್ಟೊಂದು ಐರಾಗಳಿದ್ದೆವು. ಉಳಿದಿರುವವನು ನಾನೊಬ್ಬ." ನಗಲು ನೋಡಿದರು, ಆಗಲಿಲ್ಲ. "ಬದುಕಿರುವವರ ಹೆಸರನ್ನು ನಾವು ಯಹೂದಿಗಳು ಮಗುವಿಗೆ ಇಡುವುದಿಲ್ಲ. ಸಾವಿನ ದೂತ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಾನೆ, ಅವನಿಗೆ ಮನೆ ತಪ್ಪಬಾರದು ಅನ್ನುತ್ತಿದ್ದಳು ನನ್ನ ತಾಯಿ. ನಾನೇನೂ ಅದನ್ನು ನಂಬುವುದಿಲ್ಲ. ಆದರೆ ನನ್ನ ಮನೆ ಇಲ್ಲೇ ಕೆಳಗಿದೆಯಲ್ಲ. ಅವನು ಒಂದು ಮಹಡಿ ಹೆಚ್ಚು ಹತ್ತಿಬಿಟ್ಟರೆ?"

ಅಕ್ಷತಾ ಎದ್ದು ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು.

ಅವಳು ಬೆದರಿದ್ದನ್ನು ಕಂಡು ಮುದುಕರು ಮಾತು ತಿರುಗಿಸಲು ನೋಡಿದರು. "ಐರಾ ಅನ್ನುವುದು ಇಲ್ಲಿನ ಟೀಚರುಗಳು ಮಾಡಿದ್ದು, ಬಿಡಿ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ನನ್ನನ್ನು ಕರೆಯುವುದು ಈರಾ ಅಂತ. ಈರಾ."

ಅಷ್ಟು ಇಂಗ್ಲಿಷಿನ ನಡುವೆ ಆ ಒಂದು ಶಬ್ದ ಶಿವಕ್ಕನಿಗೆ ತಿಳಿಯಿತು. ತುಪ್ಪದ ಗಿಂಡಿ ಹಿಡಿದೇ ಮಗನ ಕಡೆ ತಿರುಗಿದಳು. "ಇವರು ಏನಂದ್ರೋ ಈಗ? ಅದು ನಿಮ್ಮಪ್ಪನ ಹೆಸರಲ್ಲೇನು? ಕೂಸಿನ ಹೆಸರು ಹಂಗ ಅನ್ನಬೇಕೇನು? ಅಯ್ಯ, ನನಗ ಹೇಳದಂಗ ಇಟ್ಟೀರಿ. ನಾ ಸುಮ್ಮನ ಮನಸಿಗೆ ಹಚ್ಚಿಕೊಂಡು ಕುಂತಿದ್ದೆ."

ಶಿವಕಿರಣ್ ಉತ್ತರ ಹುಡುಕುತ್ತಿರುವಾಗಲೇ ಅಕ್ಷತಾ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. "ಇದು ನಿಮ್ಮ ಹೆಸರಲ್ಲ, ಮಿಸ್ಟರ್ ಸಿಲ್ವರ್‌ಮನ್. ಇವರ ತಂದೆಯದು. ಅವರು ತೀರಿಕೊಂಡಿದ್ದಾರೆ." ಮಗುವನ್ನು ಸುತ್ತಿದ ಅವಳ ತೋಳು ಬಿಗಿದಿತ್ತು.

ಮುದುಕರು ಶಿವಕಿರಣನತ್ತ ನೋಡಿದರು. "ನಿಜವೇ?"

ಅವ್ವ, ಹೆಂಡತಿ, ಮುದುಕರು, ಮೂವರೂ ಅವನ ಬಾಯಿಂದ ಒಂದೇ ಉತ್ತರಕ್ಕೆ ಕಾದಿದ್ದರು. "ಹೌದು," ಎಂದ. "ನಮ್ಮ ತಂದೆಯ ಹೆಸರೇ." ತಾನು ಹೇಳುತ್ತಿರುವುದು ನಿಜವೋ ಸುಳ್ಳೋ ಅವನಿಗೇ ಗೊತ್ತಾಗಲಿಲ್ಲ.

ಸಿಲ್ವರ್‌ಮನ್ ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟರು. "ಹಾಗಾದರೆ ಸರಿ. ಸತ್ತವರ ಹೆಸರು, ಮಗುವಿಗೆ ಭಯವಿಲ್ಲ. ನೀವೂ ನಮ್ಮ ಹಾಗೆಯೇ ಮಾಡುತ್ತೀರಿ ಅನ್ನಿ. ಅವರ ಪೂರ್ತಿ ಹೆಸರೇನು?"

"ಈರಪ್ಪ," ಎಂದ ಶಿವಕಿರಣ್ ದನಿ ತಗ್ಗಿಸಿ. ಆಫೀಸಿನಲ್ಲಾಗಲಿ ಗೆಳೆಯರ ನಡುವೆಯಾಗಲಿ ಅದು ಅವನ ಹೆಸರಿನ ಮುಂದಿನ ಒಂದು ಇನಿಶಿಯಲ್ ಮಾತ್ರವಾಗಿತ್ತು.

"ಈರಪ್ಪ," ಎಂದರು ಸಿಲ್ವರ್‌ಮನ್. ಒತ್ತಕ್ಷರ ಕೂಡ ಜಾರಲಿಲ್ಲ. ಇನ್ನೊಮ್ಮೆ ಹೇಳಿ ನೋಡಿದರು. "ಈರಪ್ಪ. ಎಷ್ಟು ಸಲೀಸಾಗಿದೆ. ಅರ್ಧಕ್ಕೇ ಯಾಕೆ ಬಿಟ್ಟಿರಿ?"

ಶಿವಕ್ಕನ ಕಣ್ಣು ತುಂಬಿಬಂದಿತ್ತು. "ನಿಮ್ಮಪ್ಪನ ಹೆಸರು ತಗೊಂಡ್ರಲ್ಲ. ಏನಂತಾರ?"

ಶಿವಕಿರಣ್ ಮುದುಕರ ತಟ್ಟೆಯನ್ನು ನೋಡಿದ. "ಹೋಳಗಿ ಭಾಳ ಚಲೋ ಆಗ್ಯಾವಂತ, ಅವ್ವಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ತಟ್ಟೆಗೆ ಇನ್ನೊಂದು ಹಾಕಿದಳು.