ಎಡೆ ಇಟ್ಟು ಬಂದ ದಿನ

"ಹೆಸರು?"

"ನಂಜಮ್ಮ."

"ಹುಟ್ಟಿದ ಇಸವಿ?"

"ಸಾವಿರದ ಒಂಬೈನೂರ... ನಲವತ್ತೊಂಬತ್ತು."

"ತಡವರಿಸ್ಬೇಡ. ಇನ್ನೊಂದ್ಸಲ."

ಬೆಳಿಗ್ಗೆ ಆರಕ್ಕೇ ಸ್ಯಾನ್ ಮಟಿಯೋದ ಆ ಮನೆಯ ಅಡುಗೆಕೋಣೆಯಲ್ಲಿ ಪರೀಕ್ಷೆ ಶುರುವಾಗಿತ್ತು. ಮುದುಕಿ ಕಡುಬಿನ ಹಿಟ್ಟು ನಾದುತ್ತ ಉತ್ತರ ಒಪ್ಪಿಸುತ್ತಿದ್ದಳು. ಶಿವಪ್ರಕಾಶ್ ಕಾಫಿ ಹೀರುತ್ತ ಪ್ರಶ್ನೆ ಎಸೆಯುತ್ತಿದ್ದ. ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡಬೇಕು. ಹತ್ತೂವರೆಗೆ ಓಕ್ಲ್ಯಾಂಡಿನ ಸರ್ಕಾರಿ ಕಚೇರಿಯಲ್ಲಿ ಮುದುಕಿಯ ಪೌರತ್ವದ ಇಂಟರ್‌ವ್ಯೂ. ಎರಡೂ ಒಂದೇ ದಿನ ವಕ್ಕರಿಸಿದ್ದವು.

"ದೇಶ ಕಟ್ಟಿದೋರು ಮೊದಲು ಏನಂತ ಬರೆದ್ರು?"

"ಎಲ್ಲಾ ಮನುಸ್ರೂ ಸಮಾನರು ಅಂತ."

"ಇಲ್ಲಿಗೆ ತಂದು ಗುಲಾಮರಾಗಿ ಮಾರಿದ್ದು ಯಾರನ್ನ?"

"ಆಫ್ರಿಕಾದೋರನ್ನ." ಮುದುಕಿಯ ಕೈ ನಿಂತಿತು. "ಅಲ್ಲ ಕಣಪ್ಪ, ಹಂಗೆ ಬರೆದೋರೂ ಇವರನ್ನ ಕೊಂಡೋರೂ ಒಬ್ಬರೇನಾ?"

"ಸೇಮ್ ಪೀಪಲ್, ಅಜ್ಜಿ," ಎಂದಳು ಶಿವಪ್ರಕಾಶನ ಮಗಳು ನಿಸರ್ಗಾ, ಸೀರಿಯಲ್ ಬಟ್ಟಲಿನಿಂದ ತಲೆಯೆತ್ತದೆ. "ಟೋಟಲ್ ಹಿಪೊಕ್ರಿಟ್ಸ್."

"ಆ ಕಾಲ ಹಾಗಿತ್ತು ಪುಟ್ಟಾ. ಎಷ್ಟೋ ಜನ ಮನೆಯವರ ಥರಾನೇ ನೋಡ್ಕೋತಿದ್ರು," ಎಂದ ಶಿವಪ್ರಕಾಶ್.

"ಹೆಂಗಿದ್ದೀಯೇ ಅಂತ ಅವರನ್ನ ಯಾರಾದ್ರೂ ಕೇಳಿದ್ರಂತಾ?" ಎಂದಳು ಮುದುಕಿ.

"ಆ ಪ್ರಶ್ನೆ ಲಿಸ್ಟಲ್ಲಿಲ್ಲ. ಹಿಟ್ಟು ನೋಡು."

ಪಾಸಾದರೆ ಏನೆಂಬುದು ಮನೆಗೆಲ್ಲ ಗೊತ್ತಿತ್ತು. ತಾಯಿ ಸಿಟಿಜನ್ ಆದರೆ, ಬೆಂಗಳೂರಲ್ಲಿರುವ ತಮ್ಮ ಅಚ್ಯುತನನ್ನು ಇಲ್ಲಿಗೆ ಕರೆಸಲು ಅರ್ಜಿ ಹಾಕಬಹುದು. ಮುದುಕಿಗೆ ಬೇಕಾದದ್ದು ಒಂದೇ: ಮದ್ದೂರು ಕಡೆಯ ತನ್ನ ಊರು. ಅದನ್ನು ನೋಡಿ ಹದಿನೈದು ವರ್ಷ. ಪಾಸ್‌ಪೋರ್ಟು ಶಿವಪ್ರಕಾಶನ ಬೀರುವಿನಲ್ಲಿತ್ತು. ನಿಸರ್ಗಾ ನಡೆಯಲಿ ಅಂದಿದ್ದರು. ಶಾಲೆಗೆ ಸೇರಲಿ ಅಂದಿದ್ದರು. ಕೋವಿಡ್ ಮುಗಿಯಲಿ ಅಂದಿದ್ದರು. ಎಲ್ಲವೂ ಮುಗಿದಿತ್ತು, ಮುದುಕಿಯ ಮಂಡಿಚಿಪ್ಪು ಕೂಡ.

"ಇದು ಪಾಸಾದ್ರೆ ಊರಿಗೆ ಕಳಿಸ್ತೀಯಲ್ಲಪ್ಪ?"

"ಅಚ್ಯುತ ಬಂದು ಸೆಟಲ್ ಆಗ್ಲಿ. ಆಮೇಲೆ ನೋಡೋಣ."

"ಅದಕ್ಕೆಷ್ಟು ದಿನ?"

"ಹದಿನಾಲ್ಕು, ಹದಿನೈದು ವರ್ಷ ಹಿಡಿಯುತ್ತಂತೆ," ಎಂದಳು ಅವನ ಹೆಂಡತಿ ಬಿಂದುಶ್ರೀ, ಹವಾಮಾನ ಹೇಳುವವಳ ಹಾಗೆ. ಆಮೇಲೆ ಪಾತ್ರೆಯೊಳಗೆ ಇಣುಕಿದಳು. "ಹುಳಿ ಕಮ್ಮಿ ಇರ್ಲಿ. ಅವರಿಗೆ ಹುಳಿ ಆಗ್ತಿರ್ಲಿಲ್ಲ. ಮತ್ತೆ, ಎಡೆಗೆ ಮುಂಚೆ ರುಚಿ ನೋಡೋ ಹಾಗಿಲ್ಲ."

ಮುದುಕಿ ತಲೆಯಾಡಿಸಿದಳು. ಅವರಿಗೆ ಏನು ಆಗುತ್ತಿತ್ತು, ಏನು ಆಗುತ್ತಿರಲಿಲ್ಲ ಎಂಬುದು ಅವಳಿಗೆ ಬಿಂದುಶ್ರೀಗಿಂತ ಚೆನ್ನಾಗಿ ಗೊತ್ತಿತ್ತು.

ಬಾಳೆಲೆಯ ಮೇಲೆ ಕಡುಬು, ಗೆಣಸು, ಸಾರು. ಪಕ್ಕದಲ್ಲಿ ಹೊಸ ಹಸಿರು ಸೀರೆ, ಎಲೆ ಅಡಿಕೆ, ಚೂರು ಹೊಗೆಸೊಪ್ಪು. ಶಿವಪ್ರಕಾಶ್ ಧೂಪ ಹಾಕಿ ಅಡ್ಡಬಿದ್ದ. ಮುದುಕಿ ಹೊಸ್ತಿಲಾಚೆಯಿಂದಲೇ ಕೈ ಮುಗಿದಳು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಬಂದರು.

ಫ್ರೀವೇಯಲ್ಲಿ ಕಾರು ಆಮೆಯಂತೆ ತೆವಳುತ್ತಿತ್ತು. ಹಿಂದಿನ ಭಾನುವಾರದ ನೆನಪು ಮುದುಕಿಗೆ. ಮನೆಯಲ್ಲಿ ಓದುಗರ ಬಳಗ ಸೇರಿತ್ತು. ಸಮಾನತೆಯ ಬಗ್ಗೆ ಶಿವಪ್ರಕಾಶ್ ಮುಕ್ಕಾಲು ಗಂಟೆ ಮಾತಾಡಿದ್ದ. ಮುಷ್ಟಿ ಬಿಗಿದು, ಮೇಜು ಕುಟ್ಟಿ. ಅವಳು ಇಪ್ಪತ್ತೆರಡು ಜನಕ್ಕೆ ಕಾಫಿ ಕೊಟ್ಟಿದ್ದಳು. "ಎಪ್ಪತ್ತೈದಕ್ಕೂ ನಿಮ್ಮ ತಾಯಿ ಹೀಗೆ ಓಡಾಡ್ತಾರಲ್ಲ ಸರ್, ಏನು ಸೀಕ್ರೆಟ್ಟು?" ಎಂದಿದ್ದ ಒಬ್ಬ. "ದುಡಿಮೆ ಕಣ್ರೀ, ದುಡಿಮೆ," ಎಂದಿದ್ದ ಶಿವಪ್ರಕಾಶ್. ಎಲ್ಲರೂ ನಕ್ಕಿದ್ದರು.

"ಇವರ್ಯಾರು ಅಂತ ಕೇಳಿದ್ರೆ?" ಕಾರು ನಿಲ್ಲಿಸುತ್ತ ಅವನು ಕೇಳಿದ.

"ನನ್ನ ದೊಡ್ಡ ಮಗ ಶಿವಪ್ರಕಾಶ್."

"ಸ್ವಲ್ಪ ನಗ್ತಾ ಹೇಳು."

ಒಳಗೆ ಅವನಿಗೆ ಪ್ರವೇಶವಿರಲಿಲ್ಲ. ಮನೆಯವರು ದುಭಾಷಿಯಾಗುವಂತಿಲ್ಲ ಎಂದರು. ಗಾಜಿನ ಬಾಗಿಲಿನಾಚೆ ಉಳಿದ. ಒಳಗೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಖತೀಜಾ ಎಂಬ ಮೈಸೂರಿನ ದುಭಾಷಿ.

"ಬನ್ನಿ ಅಜ್ಜಿ, ಕೂತ್ಕೊಳಿ," ಎಂದು ಖತೀಜಾ ಕುರ್ಚಿ ಎಳೆದುಕೊಟ್ಟಳು. "ತಿಂಡಿ ಆಯ್ತಾ?"

ಮುದುಕಿ ಅವಳನ್ನೇ ನೋಡಿದಳು. ಹದಿನೈದು ವರ್ಷದಲ್ಲಿ ಸಾವಿರಾರು ತಿಂಡಿ ಮಾಡಿದ್ದಳು. ಈ ಮಾತನ್ನು ಯಾರೂ ಕೇಳಿರಲಿಲ್ಲ.

"ಇಲ್ಲ ಕಣವ್ವ," ಎಂದಳು. ಅಂದು ಅವಳು ಹೇಳಿದ ಮೊದಲ ನಿಜ ಅದು.

ಬಲಗೈ ಎತ್ತಿಸಿ ಆಣೆ ಮಾಡಿಸಿದರು. ಪ್ರಶ್ನೆಗಳು ಬಂದವು. ಎಲ್ಲರೂ ಸಮಾನರು ಅಂದಳು. ಆಫ್ರಿಕಾದವರು ಅಂದಳು. ಆರಕ್ಕೆ ಆರೂ ಸರಿ. ಅಧಿಕಾರಿ ಮುಗುಳ್ನಕ್ಕು ಅರ್ಜಿಯ ಹಾಳೆ ತಿರುವಿ ಏನೋ ಕೇಳಿದ.

"ಪರೀಕ್ಷೆ ಪಾಸಾಯ್ತು ಅಜ್ಜಿ. ಇದೊಂದು ಬಾಕಿ," ಎಂದಳು ಖತೀಜಾ. "ನಿಮಗೆ ಬೇರೆ ಯಾವುದಾದ್ರೂ ಹೆಸರಿತ್ತಾ, ಅಂತ ಕೇಳ್ತಿದ್ದಾರೆ."

ಇದಕ್ಕೆ 'ಇಲ್ಲ' ಎನ್ನಬೇಕು. ನೂರು ಸಲ ಹೇಳಿಸಿದ್ದರು. ಗಾಜಿನಾಚೆ ಶಿವಪ್ರಕಾಶ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. 'ಇಲ್ಲ' ಎಂದರೆ ಇನ್ನೂ ಹದಿನೈದು ವರ್ಷ. ಮುದುಕಿಗೆ ತುಂಬ ದಣಿವಾಗಿತ್ತು. ಕುರ್ಚಿ ಮೆತ್ತಗಿತ್ತು.

"ಈ ನಂಜಮ್ಮ ಅನ್ನೋದೇ ಬೇರೆ ಹೆಸರು ಕಣವ್ವ," ಎಂದಳು. "ನಾನು ದೊಡ್ಡತಾಯಮ್ಮ. ಇವರ ಮನೇಲಿ ಮೊದಲು ನಮ್ಮಪ್ಪ ಜೀತಕ್ಕಿದ್ದ, ಆಮೇಲೆ ನಾನು. ಇವರ ತಾಯಿ ನಂಜಮ್ಮನೋರ ಕಾಗದಕ್ಕೆ ನನ್ನ ಮೊಕ ಅಂಟಿಸಿ ಕರ್ಕಂಡು ಬಂದ್ರು. ಅವರು ತೀರ್ಕಂಡು ಹದಿನಾರು ವರ್ಸ ಆಯ್ತು. ಬೆಳಿಗ್ಗೆ ಹುಳಿ ಕಮ್ಮಿ ಮಾಡಿ ಎಡೆ ಬೇಯಿಸಿಟ್ಟು ಬಂದಿದ್ದು ಅವರಿಗೇಯ."